ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ತಳಕ್ಕೆ ಬಂದ ಪಾರದರ್ಶಕ ಹರಳು ಯಾವ್ದು? ಹತ್ತಿ ತೆಗೆದ ತಕ್ಷಣ ಹಾಲಿನ ಥರ ಬಿಳಿ ಆಗೋಯ್ತು

ಹರಳುನೋಡುಗ:

ಎಲ್ರಿಗೂ ನಮಸ್ಕಾರ. ಸೋಡಿಯಂ ಸಲ್ಫೇಟ್ ಇಟ್ಕೊಂಡು ಒಂದು ಪ್ರಯೋಗ ಮಾಡ್ತಾ ಇದೀನಿ, ಮೂರು ಸಲ ಮಾಡ್ದೆ, ಮೂರೂ ಸಲ ಒಂದೇ ಥರ ಆಯ್ತು, ಆದ್ರೆ ಯಾಕೆ ಹಾಗಾಗತ್ತೆ ಅಂತ ಮಾತ್ರ ತಲೆಗೆ ಹತ್ತುತ್ತಿಲ್ಲ. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಯಾವ ವಿವರ ಮುಖ್ಯ ಯಾವ್ದು ಅಲ್ಲ ಅಂತ ನನಗೇ ಗೊತ್ತಿಲ್ಲ.

ನೀರಿಲ್ಲದ ಸೋಡಿಯಂ ಸಲ್ಫೇಟ್ ಪುಡಿ 80 ಗ್ರಾಂ, ಡಿಸ್ಟಿಲ್ಡ್ ವಾಟರ್ 200 ಗ್ರಾಂ. 45 ಡಿಗ್ರಿವರೆಗೆ ಬಿಸಿ ಮಾಡಿ ಪೂರ್ತಿ ಕರಗಿಸಿ, ಬಿಸಿ ಇರೋವಾಗ್ಲೇ ಫಿಲ್ಟರ್ ಪೇಪರಲ್ಲಿ ಸೋಸಿ, ಎರಡು ಫ್ಲಾಸ್ಕಿಗೆ ಸಮ ಸಮ ಹಾಕಿ ಬಾಯಿಗೆ ಹತ್ತಿ ಗಟ್ಟಿಯಾಗಿ ತುರುಕಿ ಇಟ್ಟೆ. ಆಮೇಲೆ ಫ್ಲಾಸ್ಕನ್ನ ಹತ್ತಿ ಸಮೇತ ಇನ್ನೊಂದು ಸಲ ಬಿಸಿ ಮಾಡ್ದೆ, ಕುತ್ತಿಗೆ ಹತ್ರ ಅಂಟ್ಕೊಂಡಿರೋ ಹನಿ ಒಣಗಿ ಹರಳಾಗಿದ್ರೆ ಅದೂ ಹೋಗ್ಲಿ ಅಂತ. 20 ಡಿಗ್ರಿಗೆ ತಣ್ಣಗಾಗಿ ಎರಡು ದಿನ ಇದ್ರೂ ಏನೂ ಬರ್ಲಿಲ್ಲ, ನೀರಿನ ಥರಾನೇ ತಿಳಿಯಾಗಿತ್ತು. ಟೇಬಲ್ ನೋಡಿದ್ರೆ 20 ಡಿಗ್ರಿಲಿ 100 ಗ್ರಾಂ ನೀರಿಗೆ ಸುಮಾರು 19 ಗ್ರಾಂ ಮಾತ್ರ ಕರಗಬೇಕು, ನನ್ನ ಹತ್ರ ಇರೋದು 40. ಅಂದ್ರೆ ಎರಡು ಪಟ್ಟು ಸೂಪರ್‌ಸ್ಯಾಚುರೇಟೆಡ್, ಸರಿ, ಇಲ್ಲೀವರೆಗೆ ಪುಸ್ತಕದಲ್ಲಿ ಇರೋ ಹಾಗೇ.

ಆಮೇಲೆ ಒಂದು ಫ್ಲಾಸ್ಕನ್ನ 9-10 ಡಿಗ್ರಿ ಇರೋ ತಣ್ಣೀರಿನ ಟಬ್ಬಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ನೋಡ್ತೀನಿ, ತಳದಲ್ಲಿ ಗಾಜಿನ ಚೂರುಗಳ ಥರ ಸ್ವಚ್ಛ ಪಾರದರ್ಶಕ ಹರಳು, ಸುಮಾರು ಒಂದು ಬೆರಳು ದಪ್ಪ. ಮೇಲಿನ ದ್ರಾವಣ ತಿಳಿಯಾಗೇ ಇತ್ತು. ಇನ್ನೊಂದು ದಿನ ಬಿಟ್ಟೆ, ಹರಳು ಬೆಳೀಲೇ ಇಲ್ಲ. ಆಗ ಟೆಂಪರೇಚರ್ ನೋಡೋಣ ಅಂತ ಹತ್ತಿ ತೆಗೆದು ಥರ್ಮಾಮೀಟರ್ ಇಳಿಸಿದ್ದಷ್ಟೇ, ಅದು ದ್ರಾವಣಕ್ಕೆ ತಾಗಿದ ಜಾಗದಿಂದ ಬಿಳಿ ಸೂಜಿಗಳು ಚಿಮ್ಮಿಕೊಂಡು ಕೆಳಗೆ ಓಡಿದ್ವು, ಕೆಲವೇ ಸೆಕೆಂಡಲ್ಲಿ ಇಡೀ ಫ್ಲಾಸ್ಕು ಗಟ್ಟಿ ಮುದ್ದೆ. ತಳದ ಪಾರದರ್ಶಕ ಹರಳುಗಳು ಹೊರಗಿನಿಂದ ಒಳಗೆ ನಿಧಾನಕ್ಕೆ ಬೆಳ್ಳಗಾಗ್ತಾ ಪಿಂಗಾಣಿ ಥರ ಆದ್ವು. ಥರ್ಮಾಮೀಟರ್ 9ರಿಂದ 23ಕ್ಕೆ ಏರ್ತು.

ನನ್ನ ಪ್ರಶ್ನೆ ಇಷ್ಟೆ. ತಳದಲ್ಲಿ ಆಗ್ಲೇ ಹರಳು ಇತ್ತಲ್ಲ, ಅದೂ ಸೋಡಿಯಂ ಸಲ್ಫೇಟೇ ಅಲ್ವಾ, ಮತ್ತೆ ಅದೇ ಬೀಜ ಆಗಿ ಉಳಿದಿದ್ದನ್ನೆಲ್ಲ ಯಾಕೆ ಎಳ್ಕೊಳ್ಲಿಲ್ಲ? ಹರಳಿನ ಜೊತೆ ಒಂದು ದಿನ ಪೂರ್ತಿ ಕೂತಿದ್ದ ದ್ರಾವಣ ಇನ್ನೂ ಸೂಪರ್‌ಸ್ಯಾಚುರೇಟೆಡ್ ಆಗಿ ಉಳಿಯೋದು ಹೇಗೆ ಸಾಧ್ಯ?


ತಿಳಿನೀರು:

ಬಹಳ ಒಳ್ಳೆ ಪ್ರಶ್ನೆ, ಮತ್ತೆ ಅಚ್ಚುಕಟ್ಟಾಗಿ ಮಾಡಿದೀರ. ಹತ್ತಿ ಸಮೇತ ಮತ್ತೆ ಬಿಸಿ ಮಾಡಿದ್ರಲ್ಲ, ಅದೊಂದು ಕೆಲಸ ಬಿಟ್ಟಿದ್ರೆ ಇದ್ಯಾವ್ದೂ ನಿಮಗೆ ಕಾಣ್ತಿರ್ಲಿಲ್ಲ.

ತಳದಲ್ಲಿ ಬಂದಿದ್ದು ಹೆಪ್ಟಾಹೈಡ್ರೇಟ್, ಅಂದ್ರೆ ಒಂದು ಸೋಡಿಯಂ ಸಲ್ಫೇಟಿಗೆ 7 ನೀರು. ಆಮೇಲೆ ಬಿಳಿಯಾಗಿ ಓಡಿ ಬಂದಿದ್ದು ಡೆಕಾಹೈಡ್ರೇಟ್, 10 ನೀರಿನದ್ದು, ಗ್ಲಾಬರ್ ಉಪ್ಪು ಅಂತೀವಲ್ಲ, ಖನಿಜದ ಹೆಸರು ಮಿರಾಬಿಲೈಟ್. ನೀವು ನೋಡಿದ ಟೇಬಲ್ಲಲ್ಲಿ 32.4 ಡಿಗ್ರಿಗಿಂತ ಕೆಳಗೆ ಇರೋ ಸಂಖ್ಯೆಗಳೆಲ್ಲ ಡೆಕಾದವು, ಅದಕ್ಕಿಂತ ಮೇಲಿನವು ನೀರಿಲ್ಲದ ಉಪ್ಪಿನವು. ಹೆಪ್ಟಾಗೆ ಆ ಟೇಬಲ್ಲಲ್ಲಿ ಜಾಗಾನೇ ಇರಲ್ಲ, ಯಾಕಂದ್ರೆ ಯಾವ ಟೆಂಪರೇಚರಲ್ಲೂ ಅದು ಸ್ಟೇಬಲ್ ಅಲ್ಲ. ಎಲ್ಲಾ ಕಡೆ ಮೆಟಾಸ್ಟೇಬಲ್. ಆದ್ರೂ ಬರತ್ತೆ, ದಿನಗಟ್ಟಲೆ ಇರತ್ತೆ, ಯಾರೂ ಕೆಣಕದಿದ್ರೆ.

ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಈ ಎರಡೂ ಹರಳುಗಳು ಎಷ್ಟೆಷ್ಟು ಕರಗ್ತವೆ ಅನ್ನೋದ್ರಲ್ಲಿ. ನೀರಿಲ್ಲದ ಉಪ್ಪಿನ ಲೆಕ್ಕದಲ್ಲಿ 100 ಗ್ರಾಂ ನೀರಿಗೆ ಹೇಳ್ತೀನಿ. ಡೆಕಾ 0 ಡಿಗ್ರಿಲಿ ಸುಮಾರು 5 ಗ್ರಾಂ, 10ರಲ್ಲಿ 9, 20ರಲ್ಲಿ 19, 30ರಲ್ಲಿ 41 ಹತ್ರ. ಹೆಪ್ಟಾ 0 ಡಿಗ್ರಿಲಿ 19.5, 10ರಲ್ಲಿ 30, 20ರಲ್ಲಿ 44. ನೋಡಿದ್ರಾ, ಎಲ್ಲಾ ಕಡೆ ಹೆಪ್ಟಾ ಜಾಸ್ತಿ ಕರಗತ್ತೆ, ಮೆಟಾಸ್ಟೇಬಲ್ ಅನ್ನೋದರ ಅರ್ಥಾನೇ ಅದು.

ಈಗ ನಿಮ್ಮ ದ್ರಾವಣ ಇಟ್ಟು ನೋಡಿ. 20 ಡಿಗ್ರಿಲಿ 40 ಗ್ರಾಂ ಇತ್ತು, ಡೆಕಾ ದೃಷ್ಟಿಯಿಂದ ಎರಡು ಪಟ್ಟು ಹೆಚ್ಚು, ಆದ್ರೆ ಹೆಪ್ಟಾ ದೃಷ್ಟಿಯಿಂದ ಅದು ಇನ್ನೂ ಸ್ಯಾಚುರೇಟ್ ಕೂಡ ಆಗಿಲ್ಲ, 44 ಬೇಕು. ಹಾಗಾಗಿ ಹೆಪ್ಟಾ ಬರೋಕೆ ಸಾಧ್ಯಾನೇ ಇಲ್ಲ, ಡೆಕಾ ಬರಬಹುದು ಆದ್ರೆ ಬೀಜ ಇಲ್ಲ, ಅದಕ್ಕೇ ಎರಡು ದಿನ ತಿಳಿಯಾಗಿ ಕೂತಿತ್ತು. 10 ಡಿಗ್ರಿಗೆ ಇಳಿಸಿದಾಗ ಹೆಪ್ಟಾದ ಮಿತಿ 30ಕ್ಕೆ ಬಂತು, ನಿಮ್ಮ 40 ಅದನ್ನ ದಾಟಿತ್ತು, ಹೆಪ್ಟಾ ಹುಟ್ಟಿತು, ದ್ರಾವಣ 30ಕ್ಕೆ ಇಳಿಯೋವರೆಗೆ ಬೆಳೀತು, ನಿಂತ್ಕೊಳ್ತು. ಅದರ ಮಟ್ಟಿಗೆ ಎಲ್ಲಾ ಸಮತೋಲನ. ಇನ್ನೊಂದು ದಿನ ಅಲ್ಲ, ಇನ್ನೊಂದು ವಾರ ಇಟ್ಟಿದ್ರೂ ಬೆಳೀತಿರ್ಲಿಲ್ಲ. ಆದ್ರೆ 30 ಅನ್ನೋದು ಡೆಕಾದ 9ಕ್ಕಿಂತ ಮೂರು ಪಟ್ಟು ಮೇಲೆ. ಒಂದೇ ದ್ರಾವಣ ಒಂದು ಹರಳಿಗೆ ಸರಿಯಾಗಿ ಸ್ಯಾಚುರೇಟೆಡ್, ಇನ್ನೊಂದು ಹರಳಿಗೆ ವಿಪರೀತ ಸೂಪರ್‌ಸ್ಯಾಚುರೇಟೆಡ್. ಸೂಪರ್‌ಸ್ಯಾಚುರೇಟೆಡ್ ಅಂತ ಸುಮ್ಮನೆ ಹೇಳಿದ್ರೆ ಅರ್ಥ ಇಲ್ಲ, ಯಾವ ಹರಳಿಗೆ ಅಂತ ಜೊತೆಗೆ ಹೇಳಬೇಕು. ಇದನ್ನ ಕಾಲೇಜಲ್ಲಿ ಯಾರೂ ಒತ್ತಿ ಹೇಳಲ್ಲ, ನನಗೆ ಅದರ ಬಗ್ಗೆ ಬೇಜಾರಿದೆ.

ಮತ್ತೆ ಹೆಪ್ಟಾ ಯಾಕೆ ಡೆಕಾಗೆ ಬೀಜ ಆಗ್ಲಿಲ್ಲ ಅಂದ್ರೆ ಎರಡರ ಒಳಗಿನ ಜೋಡಣೆ ಬೇರೆ ಬೇರೆ. ಬೀಜ ಆಗೋಕೆ ಹೆಸರು ಒಂದೇ ಇದ್ರೆ ಸಾಲ್ದು, ಅಣುಗಳು ಕೂತಿರೋ ಸಾಲು ಹೊಂದಬೇಕು.

ಗ್ರಾಂ ಲೆಕ್ಕಾನೂ ಹಾಕಿ ನೋಡ್ದೆ, ಕುತೂಹಲಕ್ಕೆ. 100 ಗ್ರಾಂ ನೀರು 40 ಗ್ರಾಂ ಉಪ್ಪು, 10 ಡಿಗ್ರಿ. ಹೆಪ್ಟಾ ಆಗಿ ಬಂದ್ರೆ ಹರಳು ಸುಮಾರು 26 ಗ್ರಾಂ. ಡೆಕಾ ಆಗಿ ಪೂರ್ತಿ ಬಂದ್ರೆ 79 ಗ್ರಾಂ, ಅಂದ್ರೆ ಒಟ್ಟು 140 ಗ್ರಾಮಲ್ಲಿ ಅರ್ಧಕ್ಕಿಂತ ಜಾಸ್ತಿ ಹರಳು. ಹರಳು ಹೊರಗೆ ಬರೋವಾಗ ಉಪ್ಪಿನ ಜೊತೆ ನೀರನ್ನೂ ಎತ್ಕೊಂಡು ಹೋಗತ್ತೆ, ಉಳಿದ ದ್ರಾವಣ ಇನ್ನೂ ಗಟ್ಟಿಯಾಗತ್ತೆ, ಇನ್ನೂ ಹರಳು ಬರತ್ತೆ. ಅದಕ್ಕೇ ಕಣ್ಣೆದುರಿಗೇ ಮುದ್ದೆ ಆಗಿದ್ದು. ನಿಮ್ಮದು 23ಕ್ಕೆ ನಿಂತಿದ್ದು ಕೂಡ ಸರಿಯಾಗೇ ಇದೆ. ಹರಳಾಗೋವಾಗ ಗುಪ್ತೋಷ್ಣ ಹೊರಗೆ ಬರತ್ತೆ, ಕೆಜಿಗೆ ಸುಮಾರು 250 ಕಿಲೋಜೌಲ್, ಅದರಿಂದ ದ್ರಾವಣ ಬಿಸಿಯಾಗತ್ತೆ, ಬಿಸಿಯಾದಷ್ಟೂ ಡೆಕಾ ಕರಗೋ ಮಿತಿ ಮೇಲೆ ಹೋಗತ್ತೆ, ಎರಡೂ ಎಲ್ಲಿ ಸಂಧಿಸ್ತವೋ ಅಲ್ಲಿ ನಿಲ್ಲತ್ತೆ. ನನ್ನ ಅಂದಾಜು 24 ಬಂತು. ಆಮೇಲೆ ತಣ್ಣಗಾಗ್ತಾ ಉಳಿದಿದ್ದು ನಿಧಾನಕ್ಕೆ ಬರತ್ತೆ.

ನಾನು ಹೇಳಿದ್ದನ್ನ ನಂಬೋದು ಬೇಡ, ನೀವೇ ಪರೀಕ್ಷೆ ಮಾಡಬಹುದು. ಹರಳನ್ನ ಹೊರಗೆ ತೆಗೆದು ಒಣಗಿಸಿ ತೂಕ ನೋಡೋಕೆ ಹೋಗ್ಬೇಡಿ, ಗಾಳಿಗೆ ತಾಗಿದ ತಕ್ಷಣ ಅದು ಬದಲಾಗೋಯ್ತು ಅಂತ ನೀವೇ ನೋಡಿದೀರ. ಬದಲಿಗೆ ಹತ್ತಿ ತೆಗೀದೇನೇ ಫ್ಲಾಸ್ಕನ್ನ ನೀರಿನ ಟಬ್ಬಲ್ಲಿ ಬಹಳ ನಿಧಾನಕ್ಕೆ ಬಿಸಿ ಮಾಡ್ತಾ, ಮೆಲ್ಲಗೆ ಅಲ್ಲಾಡಿಸ್ತಾ, ಹರಳು ಯಾವ ಟೆಂಪರೇಚರಲ್ಲಿ ಪೂರ್ತಿ ಮಾಯ ಆಗತ್ತೆ ನೋಡಿ. ನಿಮ್ಮ ದ್ರಾವಣ ಒಟ್ಟು 40. ಹೆಪ್ಟಾ ಆದ್ರೆ 17-18 ಡಿಗ್ರಿ ಹತ್ರ ಕೊನೇ ಹರಳು ಕರಗಬೇಕು. ಡೆಕಾ ಆದ್ರೆ 29-30ರವರೆಗೂ ಉಳೀಬೇಕು. 12 ಡಿಗ್ರಿ ಅಂತರ ಇದೆ, ಸಾಧಾರಣ ಥರ್ಮಾಮೀಟರಲ್ಲೂ ತಪ್ಪಾಗೋ ಚಾನ್ಸ್ ಇಲ್ಲ.

ಕಡಿಮೆ ಸ್ಟೇಬಲ್ ಇರೋದು ಮೊದ್ಲು ಬರೋದಕ್ಕೆ ಆಸ್ಟ್‌ವಾಲ್ಡ್ ನಿಯಮ ಅಂತ ಹೆಸರು, 1897ರಲ್ಲಿ ಹೇಳಿದ್ದು. ಅದರ ಪ್ರಕಾರ ನೇರ ಕೊನೇ ಮೆಟ್ಟಿಲಿಗೆ ಹಾರಲ್ಲ, ಹತ್ರದ ಮೆಟ್ಟಿಲಿಗೆ ಮೊದ್ಲು ಇಳಿಯತ್ತೆ.


ಹರಳುನೋಡುಗ:

ಸರ್ ತುಂಬಾ ಥ್ಯಾಂಕ್ಸ್, ಯಾವ ಹರಳಿಗೆ ಸೂಪರ್‌ಸ್ಯಾಚುರೇಟೆಡ್ ಅನ್ನೋ ಮಾತು ಓದಿದ ಮೇಲೆ ಎಲ್ಲಾ ಒಂದು ಸಾಲಿಗೆ ಬಂತು. ಕರಗಿಸಿ ನೋಡೋ ಪರೀಕ್ಷೆ ಖಂಡಿತ ಮಾಡ್ತೀನಿ, ಎರಡನೇ ಫ್ಲಾಸ್ಕ್ ಇನ್ನೂ ಹಾಗೇ ಇದೆ.

ಆದ್ರೆ ಒಂದು ಕಡೆ ಸಿಕ್ಕಾಕ್ಕೊಂಡೆ. 10 ಡಿಗ್ರಿಲಿ ಡೆಕಾ ಲೆಕ್ಕದಲ್ಲಿ ನನ್ನ ದ್ರಾವಣ 4 ಪಟ್ಟಿಗಿಂತ ಹೆಚ್ಚು, ಹೆಪ್ಟಾ ಲೆಕ್ಕದಲ್ಲಿ ಬರೀ 1.3 ಪಟ್ಟು. ಹೊರಗೆ ಬರೋಕೆ ಒತ್ತಡ ಜಾಸ್ತಿ ಇರೋದು ಡೆಕಾಗೆ. ಆದ್ರೂ ಹೆಪ್ಟಾನೇ ಮೊದ್ಲು ಬಂತು. ನಿಯಮ ಹಾಗಿದೆ ಅಂದ್ರೆ ನನಗೆ ಸಮಾಧಾನ ಆಗ್ತಿಲ್ಲ, ಆ ನಿಯಮ ಯಾಕೆ ಹಾಗಿದೆ?


ಕಲ್ಲುಪ್ಪು:

ಸಮಾಧಾನ ಆಗಬಾರ್ದು. ಆಸ್ಟ್‌ವಾಲ್ಡ್ ಹೇಳಿದ್ದು ಅನುಭವದಿಂದ ಬಂದ ಒಂದು ಮಾತು, ತಪ್ಪೋ ಕೇಸುಗಳು ಬೇಕಾದಷ್ಟಿವೆ. ಅದು ಏನಾಗತ್ತೆ ಅಂತ ಹೇಳತ್ತೆ, ಯಾಕೆ ಅಂತ ಹೇಳಲ್ಲ. ತಿಳಿನೀರು ಅವರು ಉಳಿದಿದ್ದೆಲ್ಲ ಬಹಳ ಚೆನ್ನಾಗಿ ಬರ್ದಿದಾರೆ, ಕೊನೇ ಪ್ಯಾರಾ ಮಾತ್ರ ನನಗೆ ಸಾಲ್ದು ಅನ್ನಿಸ್ತು.

ಹರಳು ಹುಟ್ಟೋದು ಮತ್ತೆ ಬೆಳೆಯೋದು ಬೇರೆ ಬೇರೆ ವಿಷ್ಯ, ಮೊದ್ಲು ಇದನ್ನ ಬಿಡಿಸ್ಕೊಳ್ಳಿ. ದ್ರಾವಣದಲ್ಲಿ ಅಯಾನುಗಳು ಸದಾ ಗುಂಪುಗೂಡ್ತಾ ಚದುರ್ತಾ ಇರ್ತವೆ. ಒಂದು ಪುಟ್ಟ ಗುಂಪು ಹರಳಿನ ಥರ ಜೋಡಣೆ ಆದ್ರೆ ಅದರ ಒಳಭಾಗದಿಂದ ಲಾಭ, ಅದರ ಮೇಲ್ಮೈಯಿಂದ ನಷ್ಟ. ಚಿಕ್ಕದಿದ್ದಾಗ ಮೇಲ್ಮೈಯೇ ಜಾಸ್ತಿ, ಹಾಗಾಗಿ ನಷ್ಟಾನೇ ಗೆಲ್ಲತ್ತೆ, ಗುಂಪು ಕರಗೋಗತ್ತೆ. ಒಂದು ಗಾತ್ರ ದಾಟಿದ್ರೆ ಮಾತ್ರ ಲಾಭ ಗೆಲ್ಲತ್ತೆ, ಆಮೇಲೆ ಅದು ಬೆಳೀತಾನೇ ಹೋಗತ್ತೆ. ಆ ಗಾತ್ರಕ್ಕೆ ತಲುಪೋಕೆ ದಾಟಬೇಕಾದ ದಿಣ್ಣೆ ಇದೆಯಲ್ಲ, ಅದರ ಎತ್ತರ ಮೇಲ್ಮೈ ಶಕ್ತಿಯ ಘನದ ಮೇಲೆ ನಿಂತಿದೆ, ನೀವು ಹೇಳಿದ ಒತ್ತಡದ ವರ್ಗದಿಂದ ಭಾಗ ಆಗತ್ತೆ. ಘನ ಮೇಲೆ, ವರ್ಗ ಕೆಳಗೆ. ಇಲ್ಲೇ ಇಡೀ ಕಥೆ ಇರೋದು. ಮೇಲ್ಮೈ ಶಕ್ತಿ ಒಂದೂವರೆ ಪಟ್ಟಾದ್ರೆ ದಿಣ್ಣೆ 3.4 ಪಟ್ಟು ಎತ್ತರ ಆಗತ್ತೆ, ಅದನ್ನ ಸರಿದೂಗಿಸೋಕೆ ಒತ್ತಡ 1.8 ಪಟ್ಟು ಆಗಬೇಕು. ದಿಣ್ಣೆ ಸ್ವಲ್ಪ ಎತ್ತರ ಆದ್ರೂ ದಾಟೋ ಗುಂಪುಗಳ ಸಂಖ್ಯೆ ಪಾತಾಳಕ್ಕೆ ಇಳಿಯತ್ತೆ, ಯಾಕಂದ್ರೆ ಅದು ಎಕ್ಸ್‌ಪೊನೆನ್ಷಿಯಲ್.

ಸಾಮಾನ್ಯವಾಗಿ ಜಾಸ್ತಿ ಕರಗೋ ಹರಳಿಗೆ ಮೇಲ್ಮೈ ಶಕ್ತಿ ಕಡಿಮೆ, ಯಾಕಂದ್ರೆ ಹರಳು ಮತ್ತೆ ದ್ರಾವಣ ಒಂದಕ್ಕೊಂದು ಅಷ್ಟೊಂದು ಬೇರೆ ಅಲ್ಲ. ಹಾಗಾಗಿ ಕಡಿಮೆ ಸ್ಟೇಬಲ್ ಇರೋದರ ದಿಣ್ಣೆ ಹಲವು ಸಲ ತಗ್ಗು. 1933ರಲ್ಲಿ ಸ್ಟ್ರಾನ್‌ಸ್ಕಿ ಮತ್ತೆ ತೊತೊಮಾನೊವ್ ಆಸ್ಟ್‌ವಾಲ್ಡ್ ನಿಯಮಕ್ಕೆ ಕೊಟ್ಟ ವಿವರಣೆ ಇದೇ ದಾರಿಯದ್ದು, ಮೊದ್ಲು ಬರೋದು ತಗ್ಗು ದಿಣ್ಣೆ ಇರೋದು, ಕಡಿಮೆ ಸ್ಟೇಬಲ್ ಅನ್ನೋ ಕಾರಣಕ್ಕೆ ಅಲ್ಲ.

ಆದ್ರೆ ನಿಮ್ಮ ಸಂಖ್ಯೆಗಳನ್ನೇ ಹಾಕಿ ನೋಡಿದ್ರೆ ಒಂದು ಮಾತು ಹೇಳ್ಲೇಬೇಕು. ಒತ್ತಡ ಅಳೆಯೋದು ನೀವು ಹೇಳಿದ ಆ ಪಟ್ಟುಗಳ ಲಾಗಲ್ಲಿ, 4.4ರ ಲಾಗ್ 1.3ರ ಲಾಗಿಗಿಂತ 5 ಪಟ್ಟು ಹೆಚ್ಚು. ದಿಣ್ಣೆಗಳು ಸಮ ಆಗ್ಬೇಕಂದ್ರೆ ಡೆಕಾದ ಮೇಲ್ಮೈ ಶಕ್ತಿ ಹೆಪ್ಟಾದಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ಇರ್ಬೇಕು, ಅದು ದೊಡ್ಡ ಅಂತರ. ಅದಕ್ಕೇ ಬರೀ ಮೇಲ್ಮೈ ಶಕ್ತಿಯೊಂದೇ ಕಾರಣ ಅಂತ ನಾನು ಒಪ್ಪಲ್ಲ. ಮೊದಲ್ನೇದಾಗಿ, ಸಾಂದ್ರತೆಗಳ ಅನುಪಾತ ಒತ್ತಡಕ್ಕೆ ಒರಟು ಅಳತೆ ಅಷ್ಟೆ. ಎರಡು ಸೋಡಿಯಂ, ಒಂದು ಸಲ್ಫೇಟು, ಮತ್ತೆ 7 ಅಥವಾ 10 ನೀರು ಒಟ್ಟಿಗೆ ಹರಳಿಗೆ ಸೇರ್ಬೇಕು, ಗಟ್ಟಿ ದ್ರಾವಣದಲ್ಲಿ ಅಯಾನುಗಳು ಒಂದನ್ನೊಂದು ಹಿಡ್ಕೊಂಡಿರ್ತವೆ, ನೀರೂ ಬಿಡುವಾಗಿ ಸಿಗಲ್ಲ. ಎರಡನೇದಾಗಿ, ಹರಳು ನಟ್ಟ ನಡು ದ್ರಾವಣದಲ್ಲಿ ಹುಟ್ಟೋದು ಅಪರೂಪ. ಗಾಜಿನ ಗೋಡೆ, ಸೋಸಿದ ಮೇಲೂ ಉಳಿದ ಕಣ, ಇಂಥ ಕಡೆ ಹುಟ್ಟತ್ತೆ, ಆ ಮೇಲ್ಮೈ ಒಂದು ಹರಳಿಗೆ ಹೊಂದಿಕೊಂಡು ಇನ್ನೊಂದಕ್ಕೆ ಹೊಂದದೆ ಇರಬಹುದು. ನಿಮ್ಮ ಹರಳು ತಳದಲ್ಲೇ ಶುರುವಾಗಿದ್ದು ಗಮನಿಸಿ. ಮೂರನೇದು ವೇಗ, ಡೆಕಾದ ದೊಡ್ಡ ಜೋಡಣೆಗೆ ಪ್ರತಿ ಅಯಾನೂ ನೀರಿನ ಕವಚವನ್ನ ಸರಿಯಾಗಿ ತಿರುಗಿಸ್ಕೊಂಡು ಕೂರಬೇಕು. ಹೆಪ್ಟಾ ಬೀಜ ಇಲ್ದೆ ತಣ್ಣಗಾದ್ರೆ ಮತ್ತೆ ಮತ್ತೆ ಬರತ್ತೆ, ಡೆಕಾ ಬೀಜ ಇಲ್ದೆ ತಾನಾಗೇ ಬರೋದು ಬಹಳ ಕಷ್ಟ, ಇದಂತೂ ಪ್ರಯೋಗದಲ್ಲಿ ಪದೇ ಪದೇ ಕಂಡಿರೋ ಸಂಗತಿ.

ಬೀಜ ಅಂದ್ನಲ್ಲ, ಅದರ ಹಳೇ ಕಥೆ ನನಗೆ ಬಹಳ ಇಷ್ಟ. 19ನೇ ಶತಮಾನದ ಶುರುವಲ್ಲಿ ಮುಚ್ಚಳ ತೆಗೆದಾಗ ಹರಳಾಗೋದಕ್ಕೆ ಗಾಳಿ ಒಳಗೆ ಹೋಗೋದೇ ಕಾರಣ ಅಂತ ಅನ್ಕೊಂಡಿದ್ರು, ಗೇ-ಲುಸಾಕ್ ಥರದವರೂ ಇದರ ಹಿಂದೆ ಬಿದ್ದಿದ್ರು. ಹತ್ತಿಯಲ್ಲಿ ಸೋಸಿದ ಗಾಳಿ ಬಿಟ್ರೆ ಮಾತ್ರ ಏನೂ ಆಗ್ತಿರ್ಲಿಲ್ಲ. 1865ರಲ್ಲಿ ಜೆರ್ನೆ ಅನ್ನೋ ಫ್ರೆಂಚ್ ವಿಜ್ಞಾನಿ ತೋರಿಸಿದ್ದು ಏನಂದ್ರೆ ಗಾಳಿಯ ಧೂಳಲ್ಲಿ ಇದೇ ಸೋಡಿಯಂ ಸಲ್ಫೇಟಿನ ಸೂಕ್ಷ್ಮ ಹರಳು ತೇಲ್ತಾ ಇರತ್ತೆ, ಅದು ಬಿದ್ದಾಗ ಮಾತ್ರ ಗಟ್ಟಿಯಾಗತ್ತೆ ಅಂತ. ನೀವು ಅದೇ ಉಪ್ಪಿನ ಪುಡಿ ತೂಗಿದ ಕೋಣೇಲೇ ಫ್ಲಾಸ್ಕ್ ತೆಗೆದ್ರಿ, ನಿಮ್ಮ ಥರ್ಮಾಮೀಟರ್ ಮೇಲೆ, ಕೈ ಮೇಲೆ ಎಲ್ಲಾ ಕಡೆ ಆ ಪುಡಿ ಇರತ್ತೆ. ಒಂದು ಗಾಜಿನ ಕಡ್ಡಿಯನ್ನ ಚೆನ್ನಾಗಿ ಕಾಯಿಸಿ, ಧೂಳು ತಾಗದ ಹಾಗೆ ಆರಿಸಿ ಅದ್ದಿ ನೋಡಿ, ಏನೂ ಆಗ್ದೆ ಇರೋ ಸಾಧ್ಯತೆ ಜಾಸ್ತಿ. ಹಾಗೇ ಇಟ್ಟಿದ್ದ ಕಡ್ಡಿ ಅದ್ದಿದ್ರೆ ತಕ್ಷಣ ಮುದ್ದೆ.

ನಾನು ಕಲ್ಲು ಕಟ್ಟಡಗಳ ಉಪ್ಪಿನ ಹಾನಿ ಬಗ್ಗೆ ಕೆಲಸ ಮಾಡೋನು, ಅದಕ್ಕೇ ಈ ಉಪ್ಪು ನನ್ನನ್ನ ಬಿಡಲ್ಲ. ಕಲ್ಲಿನ ಸೂಕ್ಷ್ಮ ರಂಧ್ರಗಳ ಒಳಗೂ ಇದೇ ಆಟ. 2000ರ ದಶಕದಲ್ಲಿ ಎನ್‌ಎಂಆರ್ (ಆಸ್ಪತ್ರೆ ಎಂಆರ್‌ಐ ಸ್ಕ್ಯಾನಿನ ಹಿಂದಿರೋ ತಂತ್ರ) ಇಟ್ಟು ತಣ್ಣಗಾಗ್ತಿರೋ ಕಲ್ಲಿನೊಳಗಿನ ದ್ರಾವಣದ ಸಾಂದ್ರತೆ ಅಳೆದಾಗ ಅದು ಡೆಕಾದ ಗೆರೆಯಲ್ಲಿ ನಿಲ್ದೆ ಹೆಪ್ಟಾದ ಗೆರೆಯಲ್ಲಿ ನಿಂತಿದ್ದು ಕಂಡಿತ್ತು, ನಿಮ್ಮ ಫ್ಲಾಸ್ಕಲ್ಲಿ 30ಕ್ಕೆ ನಿಂತ ಹಾಗೇ. ಹೆಪ್ಟಾ ಮೆತ್ತಗೆ ಬರತ್ತೆ, ಅದರಿಂದ ಕಲ್ಲಿಗೆ ದೊಡ್ಡ ತೊಂದ್ರೆ ಇಲ್ಲ. ಆದ್ರೆ ಆ ದ್ರಾವಣ ಡೆಕಾ ಮಟ್ಟಿಗೆ ಇನ್ನೂ ವಿಪರೀತ ತುಂಬ್ಕೊಂಡಿರತ್ತಲ್ಲ, ಯಾವಾಗ ಡೆಕಾ ಶುರುವಾಗತ್ತೋ ಆಗ ರಂಧ್ರದ ಗೋಡೆ ಮೇಲೆ ಒತ್ತಡ ಬೀಳತ್ತೆ, ಗಟ್ಟಿ ಕಲ್ಲೂ ಪದರ ಪದರ ಉದುರತ್ತೆ. ಸೂಪರ್‌ಸ್ಯಾಚುರೇಷನ್ ಜಾಸ್ತಿ ಇದ್ದಷ್ಟೂ ಹರಳು ಗೋಡೆಯನ್ನ ತಳ್ಳೋ ಶಕ್ತಿ ಜಾಸ್ತಿ.


ಬಿಸಿಚೀಲ:

ಇದೇ ವಿಷ್ಯದಲ್ಲಿ ನಾನೂ ಸ್ವಲ್ಪ ಸೇರಿಸ್ತೀನಿ, ನನ್ನ ಕೆಲಸ ಉಪ್ಪಿನ ಹೈಡ್ರೇಟಲ್ಲಿ ಶಾಖ ಕೂಡಿಡೋದ್ರ ಮೇಲೆ. ನೀವೆಲ್ಲ ಡೆಕಾ ಬರೋಕೆ ಕಷ್ಟ ಅಂತ ಖುಷಿಯಿಂದ ನೋಡ್ತಿದೀರ, ನಮಗೆ ಅದೇ ದೊಡ್ಡ ತಲೆನೋವು. ಹಗಲು ಕರಗಿಸಿ ಶಾಖ ತುಂಬಿಸಿದ್ರೆ ರಾತ್ರಿ ತಣ್ಣಗಾದಾಗ ಹರಳಾಗಿ ಶಾಖ ವಾಪಸ್ ಕೊಡಬೇಕು, ಅದು ಸುಮ್ಮನೆ ದ್ರಾವಣವಾಗೇ ಕೂತ್ರೆ ಏನು ಪ್ರಯೋಜನ. ಮರಿಯಾ ಟೆಲ್ಕೆಸ್ 1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಡೋವರಲ್ಲಿ ಒಂದು ಮನೆಯನ್ನ ಇದೇ ಗ್ಲಾಬರ್ ಉಪ್ಪಿಂದ ಬೆಚ್ಚಗಿಡೋಕೆ ಹೊರಟಿದ್ರು. ಆಮೇಲೆ ಅವರು ಕಂಡುಕೊಂಡ ಉಪಾಯ ಬೊರಾಕ್ಸ್, ನೂರಕ್ಕೆ 3-4 ಭಾಗ ಬೆರೆಸೋದು. ಬೊರಾಕ್ಸ್ ಕೂಡ 10 ನೀರಿನ ಹರಳು, ಅದರ ಅಣುಗಳ ಅಂತರ ಗ್ಲಾಬರ್ ಉಪ್ಪಿನದ್ದಕ್ಕೆ ಸುಮಾರು ಹತ್ರ, ಹಾಗಾಗಿ ಅದರ ಮೇಲೆ ಡೆಕಾ ಸಲೀಸಾಗಿ ಕೂರತ್ತೆ. ತಿಳಿನೀರು ಅವರು ಹೇಳಿದ ಮಾತಿನ ಇನ್ನೊಂದು ಮುಖ ಇದು, ಹೆಪ್ಟಾ ಅದೇ ಉಪ್ಪಾದ್ರೂ ಬೀಜ ಆಗಲ್ಲ, ಬೊರಾಕ್ಸ್ ಬೇರೆ ಉಪ್ಪಾದ್ರೂ ಬೀಜ ಆಗತ್ತೆ.

ಬೀಜದ ಸಮಸ್ಯೆ ತೀರಿದ್ರೂ ಇನ್ನೊಂದಿತ್ತು. ಡೆಕಾ 32.4ರಲ್ಲಿ ಕರಗೋವಾಗ ತನ್ನದೇ ನೀರಲ್ಲಿ ಪೂರ್ತಿ ಕರಗಲ್ಲ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಪ್ಪು ನೀರಿಲ್ಲದ ಪುಡಿಯಾಗಿ ತಳಕ್ಕೆ ಇಳಿಯತ್ತೆ. ತಣ್ಣಗಾಗೋವಾಗ ಮೇಲೆ ಹರಳಿನ ಪದರ ಕಟ್ಕೊಂಡು ತಳದ ಪುಡಿಗೆ ನೀರು ಸಿಗದ ಹಾಗಾಗತ್ತೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಕೆಲಸ ಕಡಿಮೆ. ಆ ಮನೆಯ ವ್ಯವಸ್ಥೆ ಕೆಲವೇ ಚಳಿಗಾಲಕ್ಕೆ ಕೈಕೊಟ್ಟಿದ್ದಕ್ಕೆ ಇದೊಂದು ಮುಖ್ಯ ಕಾರಣ. ಈಗ ದ್ರಾವಣ ಮಂದ ಆಗೋ ಪದಾರ್ಥ ಸೇರಿಸಿ ಪುಡಿ ಇಳಿಯದ ಹಾಗೆ ತಡೀತೀವಿ.

ಕ್ಲಿಕ್ ಮಾಡಿದ್ರೆ ಬಿಸಿಯಾಗೋ ಕೈ ಚೀಲ ನೋಡಿರ್ತೀರ, ಅದ್ರಲ್ಲಿರೋದು ಸೋಡಿಯಂ ಅಸಿಟೇಟ್, 3 ನೀರಿನ ಹರಳು, 58 ಡಿಗ್ರಿಲಿ ಕರಗತ್ತೆ. ಅದ್ರೊಳಗಿನ ಲೋಹದ ಬಿಲ್ಲೆ ಒತ್ತಿದ್ರೆ ಯಾಕೆ ಹರಳಾಗತ್ತೆ ಅಂತ ಬಹಳ ಜನ ಕೇಳ್ತಾರೆ. ಸದ್ದಿನ ಅಲೆ ಅಂತಾರೆ, ಲೋಹ ಲೋಹ ಉಜ್ಜೋದು ಅಂತಾರೆ. ನನಗೆ ಸರಿ ಅನ್ಸಿರೋ ವಿವರಣೆ ಅಂದ್ರೆ, ಬಿಲ್ಲೆಯ ಸೀಳುಗಳಲ್ಲಿ ಹಿಂದಿನ ಸಲದ ಹರಳಿನ ಚೂರು ಸಿಕ್ಕಾಕ್ಕೊಂಡು ಕರಗದೆ ಉಳಿದಿರತ್ತೆ, ಬಗ್ಗಿಸಿದಾಗ ಸೀಳು ತೆರೆದು ಅದು ದ್ರಾವಣಕ್ಕೆ ತಾಗತ್ತೆ. ಬಿಲ್ಲೆಯನ್ನ ಅತಿಯಾಗಿ ಕಾಯಿಸಿದ್ರೆ ಆಮೇಲೆ ಕ್ಲಿಕ್ಕಿಗೆ ಕೆಲಸ ಮಾಡ್ದೆ ಹೋಗೋದಕ್ಕೂ ಇದು ಹೊಂದತ್ತೆ. ಚೀಲದಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ನೀರು ಆವಿಯಾಗಿ ಹೋದ್ರೆ ತಳದಲ್ಲಿ ಬಿಳಿ ಪುಡಿ ನಿಲ್ಲತ್ತೆ, ಅದು ನೀರಿಲ್ಲದ ಅಸಿಟೇಟ್. ಅದು ಇದ್ರೂ ದ್ರಾವಣ ಹರಳಾಗಲ್ಲ, ಯಾಕಂದ್ರೆ 3 ನೀರಿನ ಹರಳಿಗೆ ಅದು ಬೀಜ ಅಲ್ಲ. ನಿಮ್ಮ ಹೆಪ್ಟಾ ಕಥೆನೇ, ಉಪ್ಪು ಬೇರೆ ಅಷ್ಟೆ.

ಪ್ರಕೃತಿಯಲ್ಲಿ ಇದರ ಅತಿ ಸುಂದರ ಉದಾಹರಣೆ ಅಂದ್ರೆ ನನಗೆ ಇಕಾಯ್ಟ್. ಕ್ಯಾಲ್ಸಿಯಂ ಕಾರ್ಬೊನೇಟ್, 6 ನೀರಿನದ್ದು. ಭೂಮಿ ಮೇಲಿನ ಸಾಧಾರಣ ಒತ್ತಡದಲ್ಲಿ ಅದು ಸ್ಟೇಬಲ್ ಅಲ್ವೇ ಅಲ್ಲ, ಆದ್ರೂ ಗ್ರೀನ್‌ಲ್ಯಾಂಡಿನ ಇಕ್ಕಾ ಫ್ಯೋರ್ಡಿನ (ನೆಲದೊಳಗೆ ಚಾಚಿರೋ ಕಿರಿದಾದ ಕಡಲ ಕೊಲ್ಲಿ) ತಣ್ಣೀರಿನ ತಳದಿಂದ ಕಂಬ ಕಂಬವಾಗಿ ಎದ್ದಿದೆ, 1963ರಲ್ಲಿ ಅಲ್ಲಿಂದಾನೇ ಹೆಸರು ಬಂತು. ನೀರು ತಣ್ಣಗಿರೋದು ಒಂದು ಕಾರಣ, ನೀರಲ್ಲಿರೋ ಫಾಸ್ಫೇಟ್ ಸ್ಟೇಬಲ್ ಆದ ಕ್ಯಾಲ್ಸೈಟನ್ನ ಹುಟ್ಟೋಕೆ ಬಿಡದೆ ತಡೆಯೋದು ಇನ್ನೊಂದು. ಒಂದು ತುಂಡು ಮೇಲೆ ತಂದು ಬೆಚ್ಚಗೆ ಇಟ್ರೆ ಕ್ಯಾಲ್ಸೈಟು ಮತ್ತೆ ನೀರಾಗಿ ಕುಸಿಯತ್ತೆ. ಸ್ಟೇಬಲ್ ಹರಳಿನ ದಾರಿ ಮುಚ್ಚಿದ್ರೆ ಮೆಟಾಸ್ಟೇಬಲ್ ಹರಳು ಬರತ್ತೆ ಅನ್ನೋದನ್ನ ನೀವು ಹತ್ತಿ ತುರುಕಿ ಮಾಡಿದ್ರಿ, ಅಲ್ಲಿ ಫಾಸ್ಫೇಟ್ ಮಾಡ್ತಿದೆ.


ಹರಳುನೋಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಒಂದು ವಾರ ಆಯ್ತು, ಪರೀಕ್ಷೆ ಮುಗಿಸಿ ಬರೀತಿದೀನಿ.

ಎರಡನೇ ಫ್ಲಾಸ್ಕನ್ನ ರಾತ್ರಿ 10 ಡಿಗ್ರಿಲಿ ಇಟ್ಟೆ, ಬೆಳಿಗ್ಗೆ ಅದೇ ಪಾರದರ್ಶಕ ಹರಳು ಬಂದಿತ್ತು. ಹತ್ತಿ ಮುಟ್ಟದೆ ಟಬ್ಬಿನ ನೀರನ್ನ ಅರ್ಧ ಗಂಟೆಗೆ ಒಂದು ಡಿಗ್ರಿ ಥರ ಏರಿಸ್ತಾ ಹೋದೆ, ಅಲ್ಲಾಡಿಸ್ತಾನೂ ಇದ್ದೆ. 15ರವರೆಗೆ ಹರಳು ಚೆನ್ನಾಗೇ ಕಾಣ್ತಿತ್ತು, 16ರಲ್ಲಿ ಅಂಚುಗಳು ದುಂಡಗಾದ್ವು, 17ರಲ್ಲಿ ಅಕ್ಕಿ ಕಾಳಿನಷ್ಟು ಎರಡು ಉಳಿದಿದ್ವು, 18 ಮುಟ್ಟೋದ್ರೊಳಗೆ ಏನೂ ಇಲ್ಲ. ಮೊದಲ್ನೇ ಫ್ಲಾಸ್ಕಿನ ಬಿಳಿ ಮುದ್ದೆಯನ್ನೂ ಹಾಗೇ ಬಿಸಿ ಮಾಡ್ದೆ, ಅದರ ಕೊನೇ ಸೂಜಿ ಕರಗಿದ್ದು 29 ದಾಟಿದ ಮೇಲೆ. ತಿಳಿನೀರು ಸರ್ ಹೇಳಿದ ಎರಡೂ ಸಂಖ್ಯೆ ಹಾಗೇ ಬಂತು, ಆ ಕ್ಷಣದ ಖುಷಿ ಹೇಳೋಕಾಗಲ್ಲ.

ಕಾಯಿಸಿದ ಕಡ್ಡಿದೂ ಮಾಡ್ದೆ. ಹರಳು ಪೂರ್ತಿ ಕರಗಿದ್ದ ಎರಡನೇ ಫ್ಲಾಸ್ಕನ್ನ 20 ಡಿಗ್ರಿಲೇ ಇಟ್ಕೊಂಡು, ಬೇರೆ ಕೋಣೆಗೆ ತಗೊಂಡ್ಹೋಗಿ, ಹತ್ತಿಯನ್ನ ಒಂದು ಬದಿಗೆ ಸ್ವಲ್ಪ ಸರಿಸಿ ಕಾಯಿಸಿ ಆರಿಸಿದ ಕಡ್ಡಿ ಇಳಿಸ್ದೆ. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ತೆಗೆದು ಮೇಜಿನ ಮೇಲೆ ಬಿದ್ದಿದ್ದ ಇನ್ನೊಂದು ಕಡ್ಡಿ ಇಳಿಸ್ದೆ, ತುದಿಯಿಂದ ಬಿಳಿ ಸೂಜಿಗಳು ಹೊರಟ್ವು. ಅದೇ ದ್ರಾವಣದಲ್ಲಿ ಎರಡು ಗಂಟೆ ಹಿಂದೆ 18 ಡಿಗ್ರಿಲಿ ಸೋಡಿಯಂ ಸಲ್ಫೇಟಿನ ಹರಳು ಕರಗ್ತಾ ಇತ್ತು, ಈಗ ಅದಕ್ಕಿಂತ ಬೆಚ್ಚಗಿರೋವಾಗ ಸೋಡಿಯಂ ಸಲ್ಫೇಟಿನ ಹರಳು ಬೆಳೀತಿದೆ. ಸೂಜಿಗಳು ತಳ ಮುಟ್ಟೋವರೆಗೂ ಕೂತು ನೋಡ್ದೆ.